ತೂಕದ ಸರಾಸರಿ: ಬ್ಯಾಚ್‌ನಲ್ಲೊಂದು, ಲೈವ್‌ನಲ್ಲಿ ಇನ್ನೊಂದು

ಪ್ರಶ್ನೆ: ಕೊನೆಯ ಮೂರು ಬೆಲೆಗಳ ತೂಕದ ಚಲಿಸುವ ಸರಾಸರಿ ತೆಗೆಯುತ್ತಿದ್ದೇನೆ. ತೂಕ 1, 2, 3, ಹೊಸದಕ್ಕೆ ಹೆಚ್ಚು. 100, 102, 107 ಆದಮೇಲೆ 105 ಬಂದಾಗ ಬ್ಯಾಚ್ ಲೆಕ್ಕ (ಎಲ್ಲ ಬೆಲೆ ಒಟ್ಟಿಗೆ ಇಟ್ಟುಕೊಂಡು ಮಾಡಿದ್ದು) 105.17 ಅನ್ನುತ್ತದೆ, ಲೈವ್ ಕೋಡ್ (ಬೆಲೆ ಬಂದಬಂದಂತೆ ಲೆಕ್ಕ ಹಾಕುವುದು) 104.33 ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಬ್ಯಾಚನ್ನೇ ನಂಬಿ. ಲೈವ್‌ನಲ್ಲಿ ಪ್ರತಿ ಸಲ ಇಡೀ ಗುಣಾಕಾರ ಯಾಕೆಂದು ಎರಡು ಮೊತ್ತ ಇಟ್ಟುಕೊಂಡಿದ್ದೀರಿ ಅಂತ ಕಾಣುತ್ತದೆ: ಬೆಲೆಗಳ ಬರಿ ಮೊತ್ತ 309, ತೂಕ ಹಾಕಿದ ಮೊತ್ತ 625. ಒಳ್ಳೆಯ ಉಪಾಯವೇ. ಹೊಸ ಬೆಲೆ ಬಂದಾಗ ಹಳೆಯ ಮೂರರ ತೂಕವೂ ಒಂದೊಂದು ಇಳಿಯಬೇಕು. ಅಂದರೆ 625ರಲ್ಲಿ 309 ಕಳೆದು, 105ರ ಮೂರು ಪಟ್ಟು ಕೂಡಬೇಕು. 631 ಬಂತು, ತೂಕಗಳ ಮೊತ್ತ 6ರಿಂದ ಭಾಗಿಸಿದರೆ 105.17. ನಿಮ್ಮ ಕೋಡ್ ಬರಿ ಮೊತ್ತದಿಂದ 100 ತೆಗೆದು 105 ಸೇರಿಸಿ ಮೊದಲೇ 314 ಮಾಡಿಕೊಂಡು, ಆಮೇಲೆ ಅದನ್ನು ಕಳೆಯುತ್ತಿದೆ. ಆ ಎರಡು ಸಾಲು ಅದಲುಬದಲು ಮಾಡಿ, ಸಾಕು.

ಕೇಳದಿದ್ದರೂ ಇನ್ನೊಂದು ಮಾತು. ಲಕ್ಷಾಂತರ ಟಿಕ್‌ಗಳನ್ನು (ಒಂದೊಂದಾಗಿ ಬರುವ ಬೆಲೆಗಳನ್ನು) ಕೂಡಿ ಕಳೆಯುತ್ತ ಹೋದರೆ ಫ್ಲೋಟ್‌ನ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ರೀತಿಯ) ಪುಡಿ ತಪ್ಪುಗಳು ಗುಡ್ಡೆ ಬೀಳುತ್ತವೆ. ಆಗಾಗ ವಿಂಡೋದಲ್ಲಿರುವ, ಅಂದರೆ ಕೊನೆಯ ಮೂರು, ಬೆಲೆಗಳಿಂದಲೇ ಎರಡೂ ಮೊತ್ತವನ್ನು ಹೊಸದಾಗಿ ಲೆಕ್ಕ ಹಾಕಿ. ತಡವಾಗಿ ಬಂದ ಟಿಕ್‌ಗೂ ಅದೇ ಮದ್ದು: ಅದರ ಸಮಯದ ಜಾಗಕ್ಕೆ ಸೇರಿಸಿ, ಅಲ್ಲಿಂದ ಮುಂದಿನದನ್ನೆಲ್ಲ ಪೂರ್ತಿ ಲೆಕ್ಕ ಮಾಡಿ. ಅಲ್ಲಿ ಜಾಣತನ ತೋರಿಸಲು ಹೋಗಬೇಡಿ.