ಕಪ್ಪು ಸಿಗಾರ್ ಸೇದಿದರೆ ತಲೆ ತಿರುಗುವುದು ಯಾಕೆ?

ಈ ಸಲ ಸಿಗಾರ್ ಬಗ್ಗೆಯೇ ತುಂಬಾ ಪತ್ರ ಬಂದಿವೆ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ. ಸೇದದವರು ಹೊಸದಾಗಿ ಶುರು ಮಾಡಲಿ ಅಂತ ನಾನು ಬರೆಯುತ್ತಿಲ್ಲ. 21 ವರ್ಷ ತುಂಬದವರಿಗೆ ನಮ್ಮ ರಾಜ್ಯದಲ್ಲಿ ಹೊಗೆಸೊಪ್ಪಿನ ಯಾವ ಸಾಮಾನೂ ಮಾರುವ ಹಾಗಿಲ್ಲ, ಅದೂ ನೆನಪಿರಲಿ.

ಪ್ರಶ್ನೆ: ದುಬೈಯಿಂದ ಬಂದ ಭಾವ ಎರಡು ಸಿಗಾರ್ ಕೊಟ್ಟರು. ಒಂದು ತಿಳಿ ಕಂದು, ಇನ್ನೊಂದು ಹೆಚ್ಚುಕಡಿಮೆ ಕಪ್ಪು. ಸಂಜೆ ಊಟಕ್ಕೆ ಮೊದಲು ಕಪ್ಪು ಸಿಗಾರ್ ಹಚ್ಚಿದೆ. ಅರ್ಧಕ್ಕೆ ಬರುವಾಗ ಬೆವರು, ತಲೆ ಸುತ್ತು, ಕೊನೆಗೆ ವಾಂತಿ. ಬಣ್ಣ ಕಪ್ಪಾದಷ್ಟೂ ಸ್ಟ್ರಾಂಗ್ ಅಂತಾರೆ, ಹೌದಾ? ಉಳಿದ ಅರ್ಧವನ್ನು ನಾಳೆ ಸೇದಬಹುದಾ? (ಓದುಗ, ಬಿಜೈ, ಮಂಗಳೂರು)

ಉತ್ತರ: ಉಳಿದದ್ದನ್ನು ಬಿಸಾಡಿ. ಆರಿ ರಾತ್ರಿ ಕಳೆದ ಸಿಗಾರ್‌ನಲ್ಲಿ ಹಳಸಲು ಬೂದಿಯ ವಾಸನೆ ಕೂತಿರುತ್ತದೆ, ರುಚಿ ಅಂತ ಏನೂ ಉಳಿದಿರುವುದಿಲ್ಲ.

ನಿಮಗೆ ಆದದ್ದು ನಿಕೋಟಿನ್ ಹೊಡೆತ. ಮೊದಲು ಬಾಯಲ್ಲಿ ನೀರೂರುತ್ತದೆ, ಆಮೇಲೆ ಹಣೆ ತಣ್ಣಗೆ ಬೆವರುತ್ತದೆ, ಅದಾದ ಮೇಲೆ ವಾಕರಿಕೆ. ಬಾಯಲ್ಲಿ ನೀರೂರಿದಾಗಲೇ ಸಿಗಾರ್ ಕೆಳಗಿಟ್ಟು, ಗಾಳಿ ಬರುವಲ್ಲಿ ಕೂತು, ಒಂದು ತುಂಡು ಬೆಲ್ಲ ತಿಂದು ನೀರು ಕುಡಿಯಿರಿ. ಸಿಗಾರ್ ಸೇದುವವರು ಎಲ್ಲ ಕಡೆ ಇದಕ್ಕೆ ಸಕ್ಕರೆ ತಿನ್ನುತ್ತಾರೆ. ನಮ್ಮಲ್ಲಿ ನೆಂಟರಿಗೆ ಕೊಡುವ ಬೆಲ್ಲ ನೀರೇ ಸಾಕು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಎದೆ ಡವಡವ ಅನ್ನುವುದು ನಿಲ್ಲದಿದ್ದರೆ, ವಾಂತಿ ಮತ್ತೆ ಮತ್ತೆ ಆದರೆ ಡಾಕ್ಟರ್ ಹತ್ತಿರ ಹೋಗಿ.

ಈಗ ಬಣ್ಣದ ವಿಷಯ. ಕಪ್ಪು ಅಂದರೆ ಸ್ಟ್ರಾಂಗ್ ಅನ್ನುವುದು ಸರಿಯಲ್ಲ. ನೀವು ನೋಡಿದ ಕಪ್ಪು ಬರೀ ಹೊರಗಿನ ಎಲೆಯದ್ದು, ರ್‍ಯಾಪರ್ ಅಂತಾರೆ. ಅದರ ಒಳಗೆ ಬೈಂಡರ್ ಅನ್ನುವ ಇನ್ನೊಂದು ಎಲೆ, ಅದರೊಳಗೆ ತುಂಬಿರುವ ಎಲೆಗಳು ಫಿಲ್ಲರ್. ಕಪ್ಪು ರ್‍ಯಾಪರ್‌ಗೆ ಮಡೂರೊ ಅಂತ ಹೆಸರು. ಅಮೆರಿಕದ ಕನೆಕ್ಟಿಕಟ್ ಬ್ರಾಡ್‌ಲೀಫ್, ಮೆಕ್ಸಿಕೋದ ಸ್ಯಾನ್ ಆಂಡ್ರೆಸ್ ಎಲೆಗಳನ್ನು ಇದಕ್ಕೆ ಜಾಸ್ತಿ ಬಳಸುತ್ತಾರೆ, ಯಾಕೆಂದರೆ ಅವು ದಪ್ಪ, ಜಾಸ್ತಿ ಬಿಸಿಯನ್ನೂ ತಾಳಿಕೊಳ್ಳುತ್ತವೆ. ಒಣಗಿದ ಎಲೆಗಳನ್ನು ದೊಡ್ಡ ರಾಶಿ ಹಾಕಿ, ತೇವ ಕೊಟ್ಟು, ತಿಂಗಳುಗಟ್ಟಲೆ ಬಿಡುತ್ತಾರೆ. ಪುತ್ತೂರು ಕಡೆ ಅಡಿಕೆ ತೋಟದಲ್ಲಿ ಕೋಕೋ ಬೆಳೆಯುವವರಿಗೆ ಇದು ಬೇಗ ಅರ್ಥವಾಗುತ್ತದೆ: ಹಸಿ ಬೀಜ ರಾಶಿ ಹಾಕಿ ಮುಚ್ಚಿಟ್ಟರೆ ಒಳಗೆ ಕೈ ಇಡಲಾಗದಷ್ಟು ಬಿಸಿಯಾಗಿ, ಒಗರು ಹೋಗಿ, ಬಣ್ಣ ಗಾಢವಾಗಿ, ಚಾಕೊಲೇಟ್ ವಾಸನೆಗೆ ದಾರಿಯಾಗುತ್ತದಲ್ವಾ, ಎಲೆಯ ರಾಶಿಯಲ್ಲೂ ಆಗುವುದು ಅದೇ ತರದ್ದು. ಅಮೋನಿಯಾ ಹೊರಗೆ ಹೋಗುತ್ತದೆ, ಖಾರ ಇಳಿಯುತ್ತದೆ, ಸಿಹಿ ಮೇಲೆ ಬರುತ್ತದೆ. ಹಾಗಾಗಿ ಕಪ್ಪು ರ್‍ಯಾಪರ್ ಎಷ್ಟೋ ಸಲ ಸಿಗಾರನ್ನು ಮೆದು ಮಾಡುತ್ತದೆ.

ಹೊಡೆತ ಕೊಡುವುದು ಒಳಗಿನ ಎಲೆ. ಹೊಗೆಸೊಪ್ಪಿನ ಗಿಡದಲ್ಲಿ ಕೆಳಗಿನ ಎಲೆ ವೊಲಾಡೊ, ಅದು ಚೆನ್ನಾಗಿ ಉರಿಯುತ್ತದೆ, ಅಷ್ಟೇ. ನಡುವಿನದು ಸೆಕೊ, ಪರಿಮಳಕ್ಕೆ. ತುದಿಯ ಎಲೆ ಲಿಜೆರೊ. ಬಿಸಿಲು ಜಾಸ್ತಿ ಬೀಳುವುದು ಅದಕ್ಕೇ, ದಪ್ಪ, ಎಣ್ಣೆ ಎಣ್ಣೆ, ನಿಕೋಟಿನ್ ಹೆಚ್ಚು. ಅದು ನಿಧಾನ ಉರಿಯುವುದರಿಂದ ಸಿಗಾರ್‌ನ ಸರಿ ನಡುವಿಗೆ ಇಟ್ಟು ಸುತ್ತುತ್ತಾರೆ. ನಿಕರಾಗುವಾದ ಎಸ್ತೆಲಿ ಕಡೆಯ ಕಪ್ಪು ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆದ ಲಿಜೆರೊ ಒಳಗಿದ್ದರೆ ಹೊರಗಿನ ಎಲೆ ಬೆಳ್ಳಗಿದ್ದರೂ ನಿಮ್ಮನ್ನು ಕೂರಿಸುತ್ತದೆ. ಹಾಗಾಗಿ ಭಾವ ಕೊಟ್ಟ ತಿಳಿ ಬಣ್ಣದ ಸಿಗಾರನ್ನೂ ಹಗುರ ಅಂದುಕೊಂಡು ಹಚ್ಚಬೇಡಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ‘ಫುಲ್ ಬಾಡಿ’ ಅಂದರೆ ಹೊಗೆ ಬಾಯಲ್ಲಿ ಎಷ್ಟು ದಪ್ಪ, ಎಷ್ಟು ಭಾರ ಅನ್ನುವುದು. ‘ಸ್ಟ್ರಾಂಗ್’ ಅಂದರೆ ತಲೆಗೂ ಹೊಟ್ಟೆಗೂ ತಾಗುವ ನಿಕೋಟಿನ್. ಎರಡೂ ಒಟ್ಟಿಗೇ ಬರಬೇಕು ಅಂತಿಲ್ಲ.

ಆದರೂ ನಿಮ್ಮ ವಾಂತಿಗೆ ನಾನು ಸಿಗಾರ್‌ಗಿಂತ ಜಾಸ್ತಿ ಖಾಲಿ ಹೊಟ್ಟೆಯನ್ನೂ ವೇಗವನ್ನೂ ದೂರುತ್ತೇನೆ. ಸಿಗರೇಟ್ ಅಭ್ಯಾಸ ಇರುವವರು ಒಂದರ ಹಿಂದೆ ಒಂದು ಎಳೆಯುತ್ತಾರೆ, ಒಳಗೂ ತೆಗೆದುಕೊಳ್ಳುತ್ತಾರೆ. ಸಿಗಾರ್ ಹೊಗೆ ಬಾಯಲ್ಲೇ ಇದ್ದು ಹೊರಗೆ ಹೋಗಬೇಕು. ನಿಮಿಷಕ್ಕೆ ಒಂದು ಸಲ ಎಳೆದರೆ ಸಾಕು. ಬೇಗ ಎಳೆದರೆ ತುದಿ ಕೆಂಡದ ಹಾಗೆ ಕಾದು ಹೊಗೆ ಕಹಿಯಾಗುತ್ತದೆ, ನಿಕೋಟಿನ್ ಒಮ್ಮೆಲೇ ಏರುತ್ತದೆ. ಐದು ಇಂಚಿನ ರೊಬಸ್ಟೊ ಸೈಜಿನ ಸಿಗಾರ್‌ಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಅಷ್ಟು ಹೊತ್ತು ಇಲ್ಲದ ದಿನ ಹಚ್ಚಲೇಬೇಡಿ. ಊಟ ಆಗಿರಲಿ, ಪಕ್ಕದಲ್ಲಿ ನೀರಿರಲಿ, ಮುಗಿಸಲೇಬೇಕು ಅನ್ನುವ ಹಟ ಬೇಡ. ಕೊನೆಯ ಮೂರನೇ ಒಂದು ಭಾಗದಲ್ಲಿ ಹೊಡೆತ ಜಾಸ್ತಿ, ಕಹಿ ಬಂತು ಅಂದರೆ ಬೂದಿ ತಟ್ಟೆಯ ಮೇಲೆ ಬಿಟ್ಟುಬಿಡಿ. ಒತ್ತಿ ನಂದಿಸಿದರೆ ಇಡೀ ಚಾವಡಿ ನಾರುತ್ತದೆ, ತಾನಾಗಿ ಆರಲಿ.

ಪ್ರಶ್ನೆ: ಕಾಫಿ, ಚಾಕೊಲೇಟ್, ಮೆಣಸು ಅಂತ ಏನೇನೋ ರುಚಿ ಹೇಳುತ್ತಾರೆ. ನನಗೆ ಹೊಗೆ ಬಿಟ್ಟು ಏನೂ ಸಿಗಲ್ಲ. ಸುಮ್ನೆ ಹೇಳುವುದಾ? (ಓದುಗ, ಮಲ್ಪೆ)

ಉತ್ತರ: ಸುಮ್ನೆ ಅಲ್ಲ, ಸಿಗುತ್ತದೆ. ಆದರೆ ನಾಲಿಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಹಿ, ಕಹಿ, ಹುಳಿ, ಉಪ್ಪು ಇಂಥವು ನಾಲಿಗೆಯ ಕೆಲಸ, ಪರಿಮಳವೆಲ್ಲ ಮೂಗಿನದು. ಹೊಗೆ ಬಾಯಲ್ಲಿ ಇರುವಾಗ ಮುಕ್ಕಾಲು ಪಾಲು ಬಾಯಿಂದಲೇ ಬಿಟ್ಟು, ಉಳಿದ ಸ್ವಲ್ಪವನ್ನು ಮೆಲ್ಲಗೆ ಮೂಗಿನಿಂದ ಹೊರಗೆ ತಳ್ಳಿ. ಶ್ವಾಸಕೋಶಕ್ಕೆ ಎಳೆಯಬಾರದು. ಮೊದಲ ಸಲ ಮೂಗು ಉರಿದು ಕಣ್ಣಲ್ಲಿ ನೀರು ಬರುತ್ತದೆ. ಆ ಉರಿಯೇ ಅವರು ಹೇಳುವ ಕರಿಮೆಣಸು.

ಹಚ್ಚುವ ಮೊದಲೂ ಕೆಲಸ ಇದೆ. ತಲೆಯ ಕಡೆಯ ಟೋಪಿಯನ್ನು, ಅಂದರೆ ಬಾಯಿಗೆ ಇಡುವ ತುದಿಗೆ ಅಂಟಿಸಿದ ಎಲೆಯ ತುಂಡನ್ನು, ಎರಡು ಮಿಲಿಮೀಟರ್ ಅಷ್ಟೇ ಕತ್ತರಿಸಿ, ಜಾಸ್ತಿ ಕತ್ತರಿಸಿದರೆ ರ್‍ಯಾಪರ್ ಬಿಚ್ಚಿಕೊಳ್ಳುತ್ತದೆ. ಬೆಂಕಿ ಇಲ್ಲದೆ ಒಮ್ಮೆ ಎಳೆದು ನೋಡಿ. ಒಳ್ಳೆಯ ಕಪ್ಪು ಸಿಗಾರ್‌ನಲ್ಲಿ ಒಣದ್ರಾಕ್ಷಿಯ ಸಿಹಿ, ಹಟ್ಟಿಯ ಒಣಹುಲ್ಲಿನ ವಾಸನೆ ಆಗಲೇ ಗೊತ್ತಾಗುತ್ತದೆ. ಹಚ್ಚುವಾಗ ಬ್ಯುಟೇನ್ ಲೈಟರ್ ಒಳ್ಳೆಯದು. ಬೆಂಕಿಕಡ್ಡಿಯಾದರೆ ಮದ್ದು ಪೂರ್ತಿ ಉರಿದ ಮೇಲೆ ಹಿಡಿಯಿರಿ. ಮೇಣದಬತ್ತಿ ಬೇಡ, ಅದರ ವಾಸನೆ ಕೊನೆಯ ತನಕ ಬಿಡುವುದಿಲ್ಲ. ಜ್ವಾಲೆ ಮುಟ್ಟಿಸದೆ ಸ್ವಲ್ಪ ಮೇಲೆ ಹಿಡಿದು ತಿರುಗಿಸುತ್ತಾ ಸುತ್ತಲೂ ಸಮನಾಗಿ ಕೆಂಪಾದ ಮೇಲೆ ಎಳೆಯಿರಿ.

ಮೊದಲ ಭಾಗ ಮೆಣಸು. ನಡುವಿನ ಭಾಗ ನನಗೆ ಎಲ್ಲಕ್ಕಿಂತ ಇಷ್ಟ: ಹುರಿದ ಕಾಫಿ ಬೀಜ, ಸಕ್ಕರೆ ಹಾಕದ ಕೋಕೋ, ಪಾಕ ಸ್ವಲ್ಪ ಸೀದ ಬೆಲ್ಲದ ಸಿಹಿ, ಹೊಗೆ ಎಣ್ಣೆಯಷ್ಟು ದಪ್ಪ. ಕೊನೆಗೆ ಮಣ್ಣು, ಚರ್ಮ, ಕಹಿ. ಇದೆಲ್ಲ ಸಿಗಬೇಕಾದರೆ ಅದಕ್ಕೆ ಮೊದಲು ಏನು ತಿಂದಿದ್ದೀರಿ ಅನ್ನುವುದು ಮುಖ್ಯ. ಚಿಕನ್ ಘೀ ರೋಸ್ಟ್ ತಿಂದ ಕೂಡಲೇ ಹಚ್ಚಿದರೆ ಬ್ಯಾಡಗಿಯ ಖಾರ, ಹುಣಸೆ ಹುಳಿ ಬಾಯಲ್ಲೇ ಇರುತ್ತದೆ, ಮೆಣಸು ಯಾವುದರದ್ದು ಅಂತ ಹೇಗೆ ಗೊತ್ತಾಗಬೇಕು? ಒಂದು ಗಂಟೆ ಬಿಡಿ. ಜೊತೆಗೆ ಹಾಲಿಲ್ಲದ ಬೆಲ್ಲದ ಕಾಫಿ ಇದ್ದರೆ ಕಪ್ಪು ಸಿಗಾರ್‌ಗೆ ಚೆನ್ನಾಗಿ ಹೊಂದುತ್ತದೆ. ಕಡಲ ಗಾಳಿಗೆ ಕೂತು ಸೇದುವ ಆಸೆ ಮಲ್ಪೆಯವರಿಗೆ ಇರುವುದು ಸಹಜ, ಆದರೆ ಆ ಗಾಳಿಗೆ ಒಂದು ಮಗ್ಗುಲು ಮಾತ್ರ ಉರಿದು ಸಿಗಾರ್ ಹಾಳಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಸಿಗಾರ್ ಮೇಲೆ ಬಿಳಿ ಬಿಳಿ ಬಂದಿದೆ. ಫ್ರಿಜ್‌ನಲ್ಲಿ ಇಡಬಹುದಾ? (ಓದುಗ, ಮಣಿಪಾಲ)

ಉತ್ತರ: ಅದು ಬೂಸ್ಟು. ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಪೂರ್ತಿ ಹೋಗಿ, ಎಲೆ ಚೆನ್ನಾಗಿದ್ದರೆ ಉಳಿಸಿಕೊಳ್ಳಬಹುದು. ನೀಲಿ ಹಸಿರು ಇದ್ದರೆ, ಹಚ್ಚುವ ತುದಿಯ ಒಳಗೆ ಹೋಗಿದ್ದರೆ ಬಿಸಾಡಿ.

ಸಿಗಾರ್‌ಗೆ ಬೇಕಾದ ತೇವ ಶೇಕಡಾ 65ರಿಂದ 70. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಗಾಳಿಯ ತೇವ 85 ದಾಟಿಯೇ ಇರುತ್ತದೆ. ಬೇರೆ ಊರಿನವರು ತೇವ ಕೊಡಲು ಕಷ್ಟಪಡುತ್ತಾರೆ, ನಾವು ತೆಗೆಯಲು. ಹಾಗಾಗಿ ಮರದ ಚಂದದ ಪೆಟ್ಟಿಗೆಗೆ ದುಡ್ಡು ಹಾಕಬೇಡಿ, ರಬ್ಬರ್ ವಾಷರ್ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ನಮ್ಮ ಊರಿಗೆ ಸರಿ. ಒಳಗೆ 65 ಅಂತ ಬರೆದಿರುವ, ತೇವವನ್ನು ಅಷ್ಟಕ್ಕೇ ಹಿಡಿದಿಡುವ ಪ್ಯಾಕೆಟ್, ತೇವ ಅಳೆಯುವ ಒಂದು ಸಣ್ಣ ಡಿಜಿಟಲ್ ಮೀಟರ್. ಮೀಟರ್ ನಂಬುವ ಮೊದಲು ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಲವು ಹನಿ ನೀರು ಬಿಟ್ಟು ಕೆಸರಿನಂತೆ ಮಾಡಿ, ಮೀಟರ್ ಜೊತೆ ಬಿಗಿ ಮುಚ್ಚಿದ ಚೀಲದಲ್ಲಿ ರಾತ್ರಿ ಇಡಿ. ಬೆಳಿಗ್ಗೆ 75 ತೋರಿಸಬೇಕು. ಎಷ್ಟು ವ್ಯತ್ಯಾಸವೋ ಅಷ್ಟು ಲೆಕ್ಕಕ್ಕೆ ಹಿಡಿಯಿರಿ.

ಫ್ರಿಜ್ ಬೇಡ, ಎಲೆ ಒಣಗುತ್ತದೆ, ಮೀನಿನ ವಾಸನೆಯನ್ನೂ ಹೀರುತ್ತದೆ. ನುಸಿಗುಳಿಗೆ ಹಾಕಿದ ಕಪಾಟಿನಲ್ಲಂತೂ ಇಡಲೇಬೇಡಿ. ರ್‍ಯಾಪರ್‌ನಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಹುಳ ಬಿದ್ದಿದೆ ಅಂತ. 25 ಡಿಗ್ರಿ ದಾಟಿದರೆ ಅದರ ಮೊಟ್ಟೆ ಒಡೆಯುತ್ತದೆ, ನಮ್ಮಲ್ಲಿ ದಾಟದ ದಿನ ಯಾವುದು ಹೇಳಿ. ತೂತು ಬಿದ್ದದ್ದನ್ನು ತೆಗೆದು, ಉಳಿದವನ್ನು ಬಿಗಿ ಚೀಲದಲ್ಲಿ ಫ್ರೀಜರ್‌ನಲ್ಲಿ ಮೂರು ದಿನ, ಫ್ರಿಜ್‌ನಲ್ಲಿ ಒಂದು ದಿನ ಇಟ್ಟು ಹೊರಗೆ ತೆಗೆಯಿರಿ. ಫ್ರಿಜ್‌ಗೆ ಕೆಲಸ ಇರುವುದು ಇಷ್ಟಕ್ಕೆ ಮಾತ್ರ.

ಪ್ರಶ್ನೆ: ಹೊಗೆ ಒಳಗೆ ಎಳೆಯುವುದಿಲ್ಲ, ಹಾಗಾಗಿ ಸಿಗಾರ್‌ನಿಂದ ಏನೂ ಆಗುವುದಿಲ್ಲ ಅಂತ ಅಪ್ಪ ಹೇಳುತ್ತಾರೆ. ಎಲೆ ಅಡಿಕೆಯೂ ಇದೆ. ಅವರಿಗೆ ಏನು ಹೇಳಲಿ? (ಓದುಗಿ, ಕಾರ್ಕಳ)

ಉತ್ತರ: ಅಪ್ಪನಿಗೆ ಈ ಉತ್ತರವನ್ನೇ ಓದಿ ಹೇಳಿ. ಒಳಗೆ ಎಳೆಯದಿದ್ದರೆ ಶ್ವಾಸಕೋಶಕ್ಕೆ ಅಪಾಯ ಸಿಗರೇಟಿಗಿಂತ ಕಡಿಮೆಯಾಗಬಹುದು, ಇಲ್ಲದಾಗುವುದಿಲ್ಲ. ತುಟಿ, ನಾಲಿಗೆ, ಗಂಟಲು, ಅನ್ನನಾಳಕ್ಕೆ ಹೊಗೆ ನೇರವಾಗಿ ತಾಗುತ್ತದೆ. ಸಿಗಾರ್ ಹೊಗೆಯ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತು ಅಂತ ಹೇಳಿದೆ. ಅಡಿಕೆ ಬೆಳೆಯುವ ನಮ್ಮ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ, ಆದರೂ ಹೇಳಬೇಕು. ಎರಡೂ ಒಂದೇ ಬಾಯಿಗೆ ಬಿದ್ದರೆ ಅಪಾಯ ಇನ್ನೂ ಜಾಸ್ತಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ವಾಸಿಯಾಗದ ಹುಣ್ಣು ಇದ್ದರೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ ತಡ ಮಾಡದೆ ದಂತವೈದ್ಯರಿಗೆ ತೋರಿಸಿ. ಮನೆಯೊಳಗೆ, ಮಕ್ಕಳ ಹತ್ತಿರ ಸೇದುವುದನ್ನಂತೂ ಇವತ್ತೇ ನಿಲ್ಲಿಸಲಿ.

ಪ್ರಶ್ನೆ: ಅಮ್ಮ ಬೀಡಿ ಕಟ್ಟುತ್ತಾರೆ. ಸಿಗಾರ್ ಕಟ್ಟುವುದೂ ಹೀಗೆಯೇ ಅಂತ ಕೇಳಿದರು. (ಓದುಗಿ, ಉಳ್ಳಾಲ)

ಉತ್ತರ: ಬೀಡಿಯಲ್ಲಿ ಹೊರಗಿನ ಎಲೆ ಹೊಗೆಸೊಪ್ಪಲ್ಲ, ತೆಂಡು ಮರದ್ದು. ಒಳಗೆ ಇರುವುದು ಹೊಗೆಸೊಪ್ಪಿನ ಪುಡಿ. ಒಳ್ಳೆಯ ಸಿಗಾರ್‌ನಲ್ಲಿ ಒಳಗೂ ಹೊರಗೂ ಹೊಗೆಸೊಪ್ಪೇ, ಒಳಗಿನ ಎಲೆಗಳನ್ನು ಪುಡಿ ಮಾಡದೆ ಉದ್ದಕ್ಕೆ ಮಡಚಿ ಇಡುತ್ತಾರೆ. ಅಮ್ಮನ ಹಾಗೆ ಸಿಗಾರ್ ಕಟ್ಟುವವರೂ ಸುತ್ತುವ ಮೊದಲು ಹೊರ ಎಲೆಯನ್ನು ಅಳತೆಗೆ ಕತ್ತರಿಸಿಕೊಳ್ಳುತ್ತಾರೆ, ಕತ್ತರಿಯ ಬದಲು ಹಿಡಿಕೆ ಇಲ್ಲದ ಅಗಲ ಬ್ಲೇಡಿನಲ್ಲಿ. ನಿಕರಾಗುವಾದ ಕಾರ್ಖಾನೆಗಳಲ್ಲಿ ಇಬ್ಬಿಬ್ಬರು ಜೋಡಿಯಾಗಿ ಕೂರುತ್ತಾರೆ. ಒಬ್ಬರು ಒಳಗಿನ ಕಟ್ಟು ಮಾಡುತ್ತಾರೆ, ಇನ್ನೊಬ್ಬರು, ಹೆಚ್ಚಾಗಿ ಹೆಂಗಸರು, ರ್‍ಯಾಪರ್ ಸುತ್ತಿ ಟೋಪಿ ಅಂಟಿಸುತ್ತಾರೆ.