ಪಿಕಪ್‌ಗೆ ಟಚ್‌ಸ್ಕ್ರೀನ್ ಹಾಕ್ಸಿದ್ಮೇಲೆ ಬ್ಯಾಟ್ರಿ ಯಾಕೆ ಇಳಿಯತ್ತೆ? ಬೇರೆ ಬೇರೆ ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಪ್ರಶ್ನೆ: ನಂದು 2019ರ ಬೊಲೆರೊ ಪಿಕಪ್, ಹಾಸನದ ಕಡೆಯಿಂದ ಶುಂಠಿ, ತರಕಾರಿ ಲೋಡ್ ಹೊಡೀತೀನಿ. ಹೋದ ತಿಂಗ್ಳು ಆನ್‌ಲೈನಲ್ಲಿ 9 ಇಂಚಿನ ಆಂಡ್ರಾಯ್ಡ್ ಸೆಟ್ ತರಿಸಿ ಊರಲ್ಲೇ ಒಬ್ರ ಹತ್ರ ಹಾಕ್ಸಿದೆ. ಕೀ ತೆಗೆದ್ರೂ ಸ್ಕ್ರೀನ್ ಉರೀತಾನೇ ಇರತ್ತೆ, ನಾನೇ ಬಟನ್ ಒತ್ತಿ ಆಫ್ ಮಾಡ್ತೀನಿ. ಎರಡು ದಿನ ಗಾಡಿ ನಿಲ್ಸಿದ್ರೆ ಬ್ಯಾಟ್ರಿ ಡೌನ್, ತಳ್ಳಿ ಸ್ಟಾರ್ಟ್ ಮಾಡ್ಬೇಕು. ಈಗೀಗ ಸೆಲ್ಫ್ ಹೊಡೆದಾಗ್ಲೆಲ್ಲ ಸ್ಕ್ರೀನ್ ಆಫಾಗಿ ಮತ್ತೆ ಮೊದ್ಲಿಂದ ಲೋಗೊ ಬರೋಕ್ ಶುರು ಆಗಿದೆ. ಸೆಟ್ಟೇ ಡೂಪ್ಲಿಕೇಟಾ? ವಾಪಸ್ ಕಳಿಸ್ಲಾ?

ಉತ್ತರ: ಕಳಿಸ್ಬೇಡಿ, ಸೆಟ್ ಚೆನ್ನಾಗೇ ಇರೋ ಚಾನ್ಸ್ ಜಾಸ್ತಿ. ಕೀ ತೆಗೆದ್ರೂ ಸ್ಕ್ರೀನ್ ಉರಿಯತ್ತೆ ಅಂದ್ರಲ್ಲ, ಅದ್ರಲ್ಲೇ ಉತ್ತರ ಇದೆ. ಸೆಟ್ ಹಿಂದೆ ಪವರ್‌ಗೆ ಮೂರು ವೈರ್ ಬರತ್ತೆ: ಹಳದಿ, ಕೆಂಪು, ಕಪ್ಪು. ಕಪ್ಪು ಅರ್ತಿಂಗ್. ಹಳದಿಗೆ ಯಾವಾಗ್ಲೂ 12 ವೋಲ್ಟ್ ಇರ್ಬೇಕು, ಸೆಟ್ ಊಟ ಮಾಡೋದೇ ಅದ್ರಲ್ಲಿ, ಟೈಮು, ಸ್ಟೇಷನ್, ಸೆಟ್ಟಿಂಗ್ ನೆನಪಿಟ್ಕೊಳೋದೂ ಅದ್ರಿಂದಾನೇ. ಕೆಂಪು ಬರೀ ಸಿಗ್ನಲ್, ಕೀ ತಿರುಗ್ಸಿದಾಗ ಮಾತ್ರ ಕರೆಂಟ್ ಬರ್ಬೇಕು, ಅದು ಬಂದ್ರೆ ಸೆಟ್ ಏಳತ್ತೆ, ಹೋದ್ರೆ ಮಲಗತ್ತೆ. ನಿಮ್ಮ ಗಾಡೀಲಿ ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿ ನೇರ ಬ್ಯಾಟ್ರಿ ಲೈನಿಗೆ ಕೊಟ್ಟಿದಾರೆ ಅನ್ಸತ್ತೆ. ಬೇಗ ಕೆಲ್ಸ ಮುಗ್ಸೋಕೆ ತುಂಬಾ ಜನ ಹೀಗೇ ಮಾಡೋದು, ಆನ್ ಆಯ್ತಲ್ಲ, ದುಡ್ಡು ಕೊಡಿ ಅಂತಾರೆ ಅಷ್ಟೆ.

ಬಟನ್ ಒತ್ತಿದ್ರೆ ಸುಮಾರು ಸೆಟ್‌ಗಳಲ್ಲಿ ಡಿಸ್‌ಪ್ಲೇ ಮಾತ್ರ ಕಪ್ಪಾಗತ್ತೆ, ಒಳಗೆ ಪ್ರೊಸೆಸರು, ಬ್ಲೂಟೂತು, ಜಿಪಿಎಸ್ಸು ಎಲ್ಲಾ ಎದ್ದೇ ಇರತ್ತೆ. ಒಂದು ಲೆಕ್ಕ ಹಾಕಿ ನೋಡಿ, ಹಾಗೆ ಎಚ್ಚರ ಇರೋ ಸೆಟ್ 1 ಆಂಪಿಯರ್ ಎಳ್ದ್ರೂ ದಿನಕ್ಕೆ 24 ಆಂಪಿಯರ್ ಅವರ್, ಎರಡು ದಿನಕ್ಕೆ 48. ನಿಮ್ಮ ಬ್ಯಾಟ್ರಿ 60 ಆಂಪಿಯರ್ ಅವರ್‌ದು ಅಂದ್ಕೊಂಡ್ರೂ ಡೀಸೆಲ್ ಇಂಜಿನ್ ತಿರುಗ್ಸೋಕೆ ಏನ್ ಉಳೀತು? ಅದೇ ಸರಿಯಾಗಿ ಮಲಗಿರೋ ಸೆಟ್ 10 ಮಿಲಿ ಆಂಪಿಯರ್ ತಗೊಂಡ್ರೆ ದಿನಕ್ಕೆ ಕಾಲು ಆಂಪಿಯರ್ ಅವರೂ ಆಗಲ್ಲ, ವಾರಗಟ್ಲೆ ನಿಲ್ಸಿದ್ರೂ ತೊಂದ್ರೆ ಇಲ್ಲ.

ಸೆಲ್ಫ್ ಹೊಡೆದಾಗ ಲೋಗೊ ಬರೋದು ಇದ್ರ ಮುಂದಿನ ಕಥೆ. ಲೆಡ್ ಆಸಿಡ್ ಬ್ಯಾಟ್ರಿನ ಪದೇ ಪದೇ ಪೂರ್ತಿ ಖಾಲಿ ಮಾಡಿದ್ರೆ ಒಳಗಿನ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತ್ಕೊಳತ್ತೆ, ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಮೊದಲಿನ ದಮ್ ಬರಲ್ಲ. ಚೆನ್ನಾಗಿರೋ ಬ್ಯಾಟ್ರೀಲಿ ಸೆಲ್ಫ್ ಎಳೆಯೋವಾಗ ವೋಲ್ಟೇಜ್ 10ರ ಆಸುಪಾಸಿಗೆ ಇಳಿಯತ್ತೆ, ಸೆಟ್ ತಡ್ಕೊಳತ್ತೆ. ಅದು ಇನ್ನೂ ಕೆಳಗೆ 8ಕ್ಕೋ 7ಕ್ಕೋ ಬಿದ್ರೆ ಸೆಟ್ ಸತ್ತು ಹುಟ್ಟತ್ತೆ, ಅದೇ ನಿಮ್ಮ ಲೋಗೊ. ಸೆಲ್ಫ್ ಹೊಡೆಯೋವಾಗ ಒಂದು ಕ್ಷಣ ಸ್ಕ್ರೀನ್ ಕಪ್ಪಾಗಿ ತಕ್ಷಣ ಹಾಡು ಮುಂದುವರಿದ್ರೆ ಅದು ಮಾಮೂಲಿ, ಸುಮಾರು ಗಾಡೀಲಿ ಸ್ಟಾರ್ಟ್ ಪೊಸಿಷನ್‌ನಲ್ಲಿ ಆಕ್ಸೆಸರಿ ಲೈನ್ (ಕೆಂಪು ವೈರಿಗೆ ಕೀ ಕಡೆಯಿಂದ ಬರೋ ಕರೆಂಟ್) ಕಟ್ಟಾಗತ್ತೆ, ಆದ್ರೆ ಮೊದ್ಲಿಂದ ಬೂಟ್ ಆದ್ರೆ ಹಳದಿ ವೈರಿಗೇ ಕರೆಂಟ್ ಸಾಲ್ತಿಲ್ಲ ಅಂತ. ಬ್ಯಾಟ್ರಿ ಸೋತಿರ್ಬೇಕು, ಇಲ್ಲ ಜಾಯಿಂಟ್ ಲೂಸ್ ಇರ್ಬೇಕು.

ಮೊದ್ಲು ಅನುಮಾನ ಖಾತ್ರಿ ಮಾಡ್ಕೊಳಿ. ಒಂದು ಮಲ್ಟಿಮೀಟರ್ ತಗೊಳ್ಳಿ, ಕೀ ತೆಗೀರಿ, ಬಾಗ್ಲು ಹಾಕಿ, ಬ್ಯಾಟ್ರಿ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮೀಟರ್‌ನ 10 ಆಂಪಿಯರ್ ರೇಂಜಿಗೆ ಹಾಕಿ ಟರ್ಮಿನಲ್‌ಗೂ ಕೇಬಲ್‌ಗೂ ಮಧ್ಯೆ ಸೇರ್ಸಿ. ನೀವು ರಾತ್ರಿ ಮಾಡೋ ಹಾಗೇ ಬಟನ್ ಒತ್ತಿ ಸೆಟ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. 50 ಮಿಲಿ ಆಂಪಿಯರ್ ಒಳಗಿದ್ರೆ ಆರಾಮು. ಜಾಸ್ತಿ ತೋರ್ಸಿದ್ರೆ ಸೆಟ್ಟಿನ ಫ್ಯೂಸ್ ಕೀಳಿ, ಪಟ್ ಅಂತ ಇಳೀತಾ, ಕಳ್ಳ ಸಿಕ್ಕಿದ. ಮೀಟರ್ ಮಧ್ಯದಲ್ಲಿ ಇರೋವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೀಬೇಡಿ, ಮೀಟರ್ ಹೋಗ್ಬಿಡತ್ತೆ.

ಸರಿ ಮಾಡೋದು ಹೇಗೆ ಅಂದ್ರೆ, ಕೆಂಪನ್ನ ಬಿಡಿಸಿ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಲೈನಿಗೆ ಕೊಡಿಸಿ. ಸಿಗರೇಟ್ ಲೈಟರ್ ಸಾಕೆಟ್ ವೈರಿಂದ ತಗೊಳ್ತಾರೆ ಸುಮಾರು ಜನ, ತಗೊಳ್ಬಹುದು, ಆದ್ರೆ ಕೀ ತೆಗೆದ್ಮೇಲೂ ಆ ಸಾಕೆಟಲ್ಲಿ ಕರೆಂಟ್ ಇರತ್ತಾ ಅಂತ ಟೆಸ್ಟ್ ಲ್ಯಾಂಪ್ ಇಟ್ಟು ನೋಡಿನೇ ತಗೊಳಿ, ಇದ್ರೆ ಮತ್ತೆ ಅದೇ ರಾಮಾಯಣ. ಫ್ಯೂಸ್ ಬಾಕ್ಸಲ್ಲಿ ಫ್ಯೂಸ್ ಟ್ಯಾಪ್ (ಫ್ಯೂಸ್ ಜಾಗದಲ್ಲೇ ಸಿಕ್ಕಿಸಿ ಇನ್ನೊಂದು ಲೈನ್ ತೆಗೆಯೋ ಪಿನ್) ಹಾಕೋದು ಇನ್ನೂ ಒಳ್ಳೇದು, ಒಂದೂ ವೈರ್ ಕಟ್ ಮಾಡೋದೇ ಬೇಕಾಗಲ್ಲ. ಹಳದಿಗೆ 1.5 ಸ್ಕ್ವೇರ್ ಎಂಎಂ ಆಟೋ ವೈರ್ ಬೇರೇನೇ ಎಳೀರಿ, ಬ್ಯಾಟ್ರಿ ಹತ್ರಾನೇ ಫ್ಯೂಸ್ ಹಾಕ್ಸಿ, ಸೆಟ್ ಮೇಲೆ ಎಷ್ಟು ಬರ್ದಿದೆಯೋ ಅಷ್ಟೇ, ಸಾಮಾನ್ಯ 10 ಅಥವಾ 15 ಆಂಪಿಯರ್. ಫ್ಯೂಸ್ ಸೆಟ್ಟಿನ ಹತ್ರ ಇದ್ರೆ ಸಾಕಲ್ವಾ ಅಂತ ಕೇಳ್ತಾರೆ, ಸಾಲಲ್ಲ ಸ್ವಾಮಿ, ವೈರ್ ಮಧ್ಯದಲ್ಲೆಲ್ಲೋ ತಗಡಿಗೆ ಉಜ್ಜಿ ಸಿಪ್ಪೆ ಹೋದ್ರೆ ಬ್ಯಾಟ್ರಿಯಿಂದ ಅಲ್ಲೀವರೆಗೆ ತಡೆಯೋರು ಯಾರೂ ಇಲ್ಲ, ಗಾಡಿಗೆ ಬೆಂಕಿ ಬೀಳೋದು ಇಂಥಾ ಜಾಗದಲ್ಲೇ.

ಇನ್ನು ಜಾಯಿಂಟು. ಪಿಕಪ್ ಅಂದ್ರೆ ಕಾರಲ್ಲ, ಲೀಫ್ ಸ್ಪ್ರಿಂಗ್ ಗಾಡಿ, ಖಾಲಿ ಇದ್ದಾಗಂತೂ ಹಳ್ಳ ಗುಂಡಿಗೆ ಮೂಳೆನೇ ಅಲ್ಲಾಡತ್ತೆ, ಜೊತೆಗೆ ಡೀಸೆಲ್ ಇಂಜಿನ್ ನಡುಕ ಬೇರೆ. ತಿರುಚಿ ಮನೆ ವೈರಿಂಗಿನ ಟೇಪ್ ಸುತ್ತಿದ ಜಾಯಿಂಟ್ ಬೇಸಿಗೇಲಿ ಅಂಟು ಕರಗಿ ಬಿಚ್ಕೊಳತ್ತೆ. ಬಟ್ ಕನೆಕ್ಟರ್ (ಎರಡು ವೈರ್ ತುದಿ ಸೇರ್ಸೋ ಸಣ್ಣ ಲೋಹದ ಕೊಳವೆ) ಹಾಕಿ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದ್ರೆ ಬಿಗಿಯಾಗೋ ಕೊಳವೆ) ಹಾಕ್ಸಿ, ಸುತ್ತೋಕೆ ಬಟ್ಟೆ ಟೇಪ್. ಅರ್ತಿಂಗನ್ನ ಡ್ಯಾಶ್‌ಬೋರ್ಡ್ ಸ್ಕ್ರೂಗೆ ಸಿಗಿಸ್ಬೇಡಿ, ಬಾಡಿ ತಗಡಿನ ಬೋಲ್ಟ್ ಹತ್ರ ಪೇಂಟ್ ಕೆರೆದು ರಿಂಗ್ ಟರ್ಮಿನಲ್ ಹಾಕಿ ಬಿಗೀಬೇಕು. ಆಕ್ಸಿಲರೇಟರ್ ಒತ್ತಿದ ಹಾಗೆ ಸ್ಪೀಕರಲ್ಲಿ ಕುಂಯ್ಯ್ ಅಂತ ಸೌಂಡ್ ಏರತ್ತಲ್ಲ, ಆಲ್ಟರ್ನೇಟರ್ ಸೌಂಡು, ಅದ್ರಲ್ಲಿ ಮುಕ್ಕಾಲು ಪಾಲು ಅರ್ತಿಂಗ್ ಸರಿ ಇಲ್ದೇ ಬರೋದು. ವೈರ್ ಕಟ್ಟು ಕ್ಲಚ್ ಪೆಡಲ್, ಸ್ಟೀರಿಂಗ್ ಕಾಲಂ ಹತ್ರ ನೇತಾಡ್ದೇ ಇರ್ಲಿ. ಸೆಟ್ಟಿನ ಹಿಂದೆ ಒಂದು ಸಪೋರ್ಟ್ ಪಟ್ಟಿ ಕೊಡ್ಸಿ, 9 ಇಂಚಿನ ಭಾರ ಬರೀ ಮುಂದಿನ ಪ್ಲಾಸ್ಟಿಕ್ ಫ್ರೇಮ್ ಮೇಲೆ ನಿಲ್ಲಲ್ಲ.

ಹೀಗೇ ಮಾಡಿ ಅಂತ ನೀವೇ ಹೇಳಿ ಮಾಡಿಸ್ಬೇಕು, ಎದ್ರಿಗೆ ನಿಂತು ನೋಡ್ಬೇಕು. ಸೆಟ್ಟಿಗೆ ಸಾವಿರಗಟ್ಲೆ ಕೊಟ್ಟೋರು ವೈರು, ಫ್ಯೂಸು, ಸ್ಲೀವಿಗೆ ಕೆಲವೇ ನೂರು ರೂಪಾಯಿಗೆ ಚೌಕಾಸಿ ಮಾಡ್ತಾರೆ, ನಂಗೆ ಇದು ಯಾವತ್ತೂ ಅರ್ಥ ಆಗಿಲ್ಲ.

ಪ್ರಶ್ನೆ: ಸೆಟ್ಟಿನ ಡಬ್ಬದ ಮೇಲೆ 50 ವ್ಯಾಟ್ ಇಂಟು 4 ಅಂತಿದೆ, ಆದ್ರೆ ಸ್ವಲ್ಪ ಜಾಸ್ತಿ ಇಟ್ರೆ ಕರಕರ ಅಂತ ಒಡೆಯತ್ತೆ. ಸ್ಪೀಕರ್ ಹೊಸದೇ, 4 ಓಮ್. ಹಳೇ ಗಾಡಿ ಆದ್ರಿಂದ ಸ್ಪೀಕರ್ ನೆಗೆಟಿವ್ ಎಲ್ಲಾ ಬಾಡಿಗೆ ಕೊಟ್ಟಿದೆ.

ಉತ್ತರ: ಮೊದ್ಲು ಆ ನೆಗೆಟಿವ್ ಬಾಡಿಯಿಂದ ಬಿಡಿಸಿ, ಇವತ್ತೇ. ಈಗಿನ ಸೆಟ್‌ಗಳಲ್ಲಿ ಸ್ಪೀಕರಿನ ಪ್ಲಸ್ಸು ಮೈನಸ್ಸು ಎರಡೂ ಕಡೆ ಆಂಪ್ಲಿಫೈಯರ್ ಡ್ರೈವ್ ಮಾಡತ್ತೆ, ಮೈನಸ್ ಅಂದ್ರೆ ಅರ್ತ್ ಅಲ್ಲ. ಬಾಡಿಗೆ ಮುಟ್ಟಿದ್ರೆ ಒಂದೋ ಸೌಂಡ್ ಒಡೆಯತ್ತೆ, ಇಲ್ಲ ಆಂಪ್ಲಿಫೈಯರ್ ಐಸಿನೇ (ಚಿಪ್ಪೇ) ಹೋಗತ್ತೆ. ಪ್ರತೀ ಸ್ಪೀಕರಿಗೆ ಸೆಟ್ಟಿಂದ ಎರಡೆರಡು ವೈರ್ ಬೇರೆ ಬೇರೆ ಎಳೀಬೇಕು. ಬಿಳಿ ಜೋಡಿ ಮುಂದೆ ಎಡಕ್ಕೆ, ಬೂದು ಜೋಡಿ ಮುಂದೆ ಬಲಕ್ಕೆ, ಹಸಿರು ಹಿಂದೆ ಎಡ, ನೇರಳೆ ಹಿಂದೆ ಬಲ, ಕಪ್ಪು ಗೆರೆ ಇರೋದು ಮೈನಸ್. ಪಿಕಪ್ಪಲ್ಲಿ ಎರಡೇ ಸ್ಪೀಕರ್ ಇದ್ರೆ ಹಸಿರು, ನೇರಳೆ ತುದಿಗೆ ಒಂದೊಂದಕ್ಕೂ ಟೇಪ್ ಸುತ್ತಿ ಸುಮ್ನೆ ಬಿಡಿ, ಜಾಸ್ತಿ ಪವರ್ ಸಿಗತ್ತೆ ಅಂತ ಬಿಳಿ ಜೊತೆ ಸೇರ್ಸ್ಬೇಡಿ.

50 ವ್ಯಾಟ್ ಅನ್ನೋದು ಮ್ಯಾಕ್ಸಿಮಂ ಅಂತ ಬರೆಯೋ ನಂಬರ್. ಗಾಡಿ ಓಡ್ತಿದ್ದಾಗ ಸಿಗೋದೇ 14 ಚಿಲ್ಲರೆ ವೋಲ್ಟು, ಆ ವೋಲ್ಟೇಜಲ್ಲಿ 4 ಓಮ್ ಸ್ಪೀಕರಿಗೆ ಕ್ಲೀನಾಗಿ ಲೆಕ್ಕದ ಪ್ರಕಾರಾನೇ 26 ವ್ಯಾಟ್ ದಾಟಲ್ಲ, ಕೈಗೆ ಸಿಗೋದು 20ರ ಆಸುಪಾಸು. ಹಿಂದಿರೋ ಫ್ಯೂಸ್ ನೋಡಿದ್ರೂ ಗೊತ್ತಾಗತ್ತೆ, 10 ಆಂಪಿಯರ್ ಫ್ಯೂಸಲ್ಲಿ ಒಳಗೆ ಹೋಗೋದೇ 140 ವ್ಯಾಟ್, 200 ಹೊರಗೆ ಎಲ್ಲಿಂದ ಬರತ್ತೆ? ನಿಮಗೆ ನಿಜವಾಗ್ಲೂ ಜೋರು ಬೇಕು ಅಂದ್ರೆ ಸೀಟ್ ಕೆಳಗೆ ಕೂರೋ ಆಕ್ಟಿವ್ ಸಬ್‌ವೂಫರ್ (ಒಳಗೇ ಆಂಪ್ಲಿಫೈಯರ್ ಇರೋ ಬೇಸ್ ಸ್ಪೀಕರ್) ಹಾಕ್ಸಿ, ಪಿಕಪ್ ಕ್ಯಾಬಿನ್ ಚಿಕ್ಕದು, ಅಷ್ಟೇ ಸಾಕು. ಅದಕ್ಕೆ ಪವರ್ ನೇರ ಬ್ಯಾಟ್ರಿಯಿಂದ, ಬ್ಯಾಟ್ರಿಯಿಂದ ಒಂದೂವರೆ ಅಡಿ ಒಳಗೆ ಫ್ಯೂಸ್, ಸೆಟ್ಟಿನ ನೀಲಿ ಬಿಳಿ ಗೆರೆ ವೈರ್ ಸಬ್‌ವೂಫರಿನ ರಿಮೋಟ್ ವೈರಿಗೆ, ಸೆಟ್ ಆನ್ ಆದಾಗ ಅದನ್ನ ಎಬ್ಬಿಸೋ ಸಿಗ್ನಲ್ ಅದು.

ಪ್ರಶ್ನೆ: ಆಂಡ್ರಾಯ್ಡ್ ಸೆಟ್ ತಗೊಳೋದಾದ್ರೆ 2 ಜಿಬಿ ರ‍್ಯಾಮ್ ಸಾಕಾ 4 ಜಿಬಿ ಬೇಕಾ? ಮ್ಯಾಪು, ಹಾಡು, ಫೋನು ಇಷ್ಟೇ ನನ್ನ ಉಪಯೋಗ.

ಉತ್ತರ: ಇಷ್ಟೇ ಆದ್ರೆ ಆಂಡ್ರಾಯ್ಡ್ ಸೆಟ್ಟೇ ಬೇಡ ಅಂತೀನಿ. ಆಂಡ್ರಾಯ್ಡ್ ಸೆಟ್ ಬೇರೆ, ಆಂಡ್ರಾಯ್ಡ್ ಆಟೋ ಇರೋ ಸೆಟ್ ಬೇರೆ. ಮೊದಲನೇದು ತಾನೇ ಒಂದು ಟ್ಯಾಬ್ಲೆಟ್, ಅದಕ್ಕೆ ಹಾಟ್‌ಸ್ಪಾಟ್ ಕೊಡ್ಬೇಕು, ವರ್ಷ ಕಳೆದ ಹಾಗೆ ನಿಧಾನ ಆಗತ್ತೆ. ಎರಡನೇದ್ರಲ್ಲಿ ಕೆಲ್ಸ ಮಾಡೋದು ನಿಮ್ಮ ಫೋನು, ಸೆಟ್ ಬರೀ ಅದನ್ನ ದೊಡ್ಡ ಪರದೆ ಮೇಲೆ ತೋರ್ಸತ್ತೆ, ಫೋನ್ ಬದಲಾಯಿಸಿದ್ರೆ ಸೆಟ್ಟೂ ಚುರುಕಾಗತ್ತೆ, ಮ್ಯಾಪ್ ಕನ್ನಡದಲ್ಲೇ ದಾರಿ ಹೇಳತ್ತೆ. ಆಂಡ್ರಾಯ್ಡ್ ಸೆಟ್ಟೇ ಬೇಕು ಅಂದ್ರೆ ಡಬ್ಬದ ಮೇಲಿನ ಜಿಬಿ ನಂಬ್ಬೇಡಿ, ಸೆಟ್ಟಿಂಗ್ಸಲ್ಲಿ ತೋರ್ಸೋದನ್ನೂ ನಂಬ್ಬೇಡಿ, ಅದನ್ನ ಸಾಫ್ಟ್‌ವೇರಲ್ಲಿ ಬದಲಾಯಿಸಿ ಮಾರೋರು ಇದಾರೆ. ಬೆಂಗಳೂರು ಜೆಸಿ ರೋಡಲ್ಲಿ ತಗೊಳೋದಾದ್ರೆ ಅಂಗಡೀಲೇ ಹಾರ್ಡ್‌ವೇರ್ ತೋರ್ಸೋ ಆಪ್ ಹಾಕಿ ನೋಡಿ. ಚಿಪ್ ಹೆಸ್ರು ಟಿ3 ಅಂತಿದ್ರೆ ತುಂಬಾ ಹಳೇದು, ಬಿಡಿ.

ಪ್ರಶ್ನೆ: ರಿವರ್ಸ್ ಕ್ಯಾಮೆರಾ ಹಾಕ್ಸಿದೆ, ಚಿತ್ರ ಕಪ್ಪು ಬಿಳುಪಲ್ಲಿ ಉರುಳತ್ತೆ. ಜೊತೆಗೆ ಹಿಂದಿನ ಡೋರ್ ಬಿಚ್ಚಿ ಹಾಕಿ ಕೇಬಲ್ ಕಟ್ಟಾಗ್ತಾ ಇದೆ.

ಉತ್ತರ: ಉರುಳೋದಕ್ಕೆ ಸಾಮಾನ್ಯ ಕಾರಣ ಕ್ಯಾಮೆರಾ ಎಎಚ್‌ಡಿ (ಹೊಸ ಎಚ್‌ಡಿ ಸಿಗ್ನಲ್), ಸೆಟ್ ಸಿವಿಬಿಎಸ್ (ಹಳೇ ಮಾಮೂಲಿ ವಿಡಿಯೊ ಸಿಗ್ನಲ್) ಅಂತ ಇಟ್ಟಿರೋದು, ಇಲ್ಲ ಉಲ್ಟಾ. ಸೆಟ್ಟಿಂಗಲ್ಲಿ ಬದಲಾಯಿಸಿ, ಸರಿ ಹೋಗ್ದಿದ್ರೆ ಮಾತ್ರ ವೈರ್ ಮುಟ್ಟಿ. ಕ್ಯಾಮೆರಾನ ಬಿಚ್ಚೋ ಡೋರ್ ಮೇಲೆ ಹಾಕ್ಲೇಬಾರ್ದು, ಹಿಂಜ್ ಹತ್ರ ಕೇಬಲ್ ಎಷ್ಟು ದಿನ ತಡೆಯತ್ತೆ ಹೇಳಿ, ಜೊತೆಗೆ ಲೋಡ್ ಇಳಿಸೋವಾಗ ಡೋರ್ ಕೆಳಗೆ ಬಿಟ್ರೆ ಕ್ಯಾಮೆರಾ ನೆಲ ನೋಡತ್ತೆ. ಚಾಸಿಸ್ ಹಿಂದಿನ ಕ್ರಾಸ್ ಮೆಂಬರ್‌ಗೆ, ನಂಬರ್ ಪ್ಲೇಟ್ ಹತ್ರ ಕೂರಿಸಿ, ಕೇಬಲನ್ನ ಫ್ಲೆಕ್ಸಿಬಲ್ ಪೈಪೊಳಗೆ ಹಾಕಿ ಸೈಲೆನ್ಸರ್ ಇಲ್ದಿರೋ ಕಡೆಯಿಂದ ತನ್ನಿ. ಮಳೆಗಾಲದಲ್ಲಿ ಕೆಸರು ಹಾರತ್ತೆ, ಒರೆಸ್ಕೊಬೇಕು, ಅದಕ್ಕೆ ಬೇರೆ ಮದ್ದಿಲ್ಲ. ಇನ್ನೊಂದು, ವಿಡಿಯೊ ಕೇಬಲಿನ ಎರಡೂ ತುದೀಲಿ ಒಂದು ಸಣ್ಣ ಕೆಂಪು ವೈರ್ ಬಿಟ್ಟಿರ್ತಾರೆ, ಅದು ಸುಮ್ನೆ ಬಂದಿರೋದಲ್ಲ, ಹಿಂದೆ ರಿವರ್ಸ್ ಲೈಟಿಗೂ ಮುಂದೆ ಸೆಟ್ಟಿನ ರಿವರ್ಸ್ ವೈರಿಗೂ ಕೊಟ್ರೆ ಗೇರ್ ಹಾಕಿದ ತಕ್ಷಣ ತಾನಾಗೇ ಚಿತ್ರ ಬರತ್ತೆ.

ಪ್ರಶ್ನೆ: ಹೊಸ ಗಾಡಿ, ಹೊರಗೆ ಸೆಟ್ ಹಾಕ್ಸಿದ್ರೆ ವಾರಂಟಿ ಹೋಗತ್ತಾ? ಇನ್ಶೂರೆನ್ಸ್?

ಉತ್ತರ: ಕಂಪನಿ ಹಾಕಿದ ವೈರನ್ನ ಕಟ್ ಮಾಡಿದ್ರೆ ಎಲೆಕ್ಟ್ರಿಕಲ್ ತೊಂದ್ರೆಗೆ ವಾರಂಟಿ ಕೊಡಲ್ಲ ಅನ್ನೋಕೆ ಅವ್ರಿಗೆ ದಾರಿ ಸಿಗತ್ತೆ. ನಿಮ್ಮ ಮಾಡೆಲ್ಲಿಗೆ ಕಪ್ಲರ್ ಹಾರ್ನೆಸ್ (ವೈರ್ ಕಟ್ ಮಾಡ್ದೇ ಕಂಪನಿ ಸಾಕೆಟ್ಟಿಗೇ ಸಿಕ್ಕಿಸೋ ವೈರ್ ಸೆಟ್) ಸಿಕ್ರೆ ಅದನ್ನೇ ಹಾಕ್ಸಿ. ಇನ್ಶೂರೆನ್ಸಲ್ಲಿ ಹೊರಗಿಂದ ಹಾಕ್ಸಿದ ಎಲೆಕ್ಟ್ರಾನಿಕ್ ಸಾಮಾನು ಬರ್ಬೇಕು ಅಂದ್ರೆ ಐಎಂಟಿ 24 ಅನ್ನೋ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರ್ಸೋ ಹೆಚ್ಚುವರಿ ಷರತ್ತು) ಇದೆ, ಬಿಲ್ ಕೊಟ್ಟು ಸೇರ್ಸಿ. ಇನ್ನೊಂದು ಮಾತು, ಹ್ಯಾಂಡ್‌ಬ್ರೇಕ್ ಎಳೆದಿದ್ಯಾ ಅಂತ ಸೆಟ್ಟಿಗೆ ಹೇಳೋ ವೈರನ್ನ ಅರ್ತಿಗೆ ಕೊಟ್ಟು ಓಡ್ಸೋವಾಗ್ಲೂ ವಿಡಿಯೊ ಬರೋ ಹಾಗೆ ಮಾಡ್ಕೊಡ್ತೀನಿ ಅಂತಾರೆ ಫಿಟ್ಟರ್‌ಗಳು, ನಾನಂತೂ ಬೇಡ ಅಂತೀನಿ.

ಪ್ರಶ್ನೆ: ಬೆಂಗಳೂರಲ್ಲಿ ಎಫ್‌ಎಂ ಚೆನ್ನಾಗಿ ಬರತ್ತೆ, 101.3, 102.9 ಎಲ್ಲಾ ಕ್ಲಿಯರ್. ಮೈಸೂರಿಗೆ ಹೋದ್ರೆ ಆಕಾಶವಾಣಿ 100.6, ಹಾಸನದಲ್ಲಿ 102.2 ಎರಡೂ ಬರೀ ಕೊರಕೊರ. ಆಂಟೆನಾ ಹೋಗಿದ್ಯಾ?

ಉತ್ತರ: ಆಂಟೆನಾ ಚೆನ್ನಾಗೇ ಇರ್ಬೇಕು, ನೀವು ಕೊಟ್ಟ ನಂಬರ್ ನೋಡಿ ನಗು ಬಂತು. ಸಿಗ್ತಿರೋದೆಲ್ಲಾ ಚುಕ್ಕಿ ಆದ್ಮೇಲೆ ಬೆಸ, ಸಿಗ್ದೇ ಇರೋದೆಲ್ಲಾ ಸಮ. ಸೆಟ್ಟಲ್ಲಿ ರೇಡಿಯೊ ರೀಜನ್ ಅಮೆರಿಕಾ ಅಂತ ಇದೆ. ಅಲ್ಲಿ ಸ್ಟೇಷನ್‌ಗಳು 0.2 ಬಿಟ್ಟು ಬರೀ ಬೆಸ ನಂಬರಲ್ಲಿ ಇರತ್ತೆ, ಹಾಗಾಗಿ ನಿಮ್ಮ ಸೆಟ್ 100.5 ಇಂದ ನೇರ 100.7ಕ್ಕೆ ಹಾರತ್ತೆ, ಮಧ್ಯದ ಮೈಸೂರು ಅದ್ರ ಕಣ್ಣಿಗೇ ಬೀಳಲ್ಲ. ರೀಜನ್ ಇಂಡಿಯಾ ಇದ್ರೆ ಅದು, ಇಲ್ಲಾಂದ್ರೆ ಏಷ್ಯಾ ಅಥವಾ ಯೂರೋಪ್ ಇಡಿ, ದನಿನೂ ಸ್ವಲ್ಪ ಚುರುಕಾಗತ್ತೆ ಯಾಕಂದ್ರೆ ಅಮೆರಿಕಾ ಸೆಟ್ಟಿಂಗಲ್ಲಿ ಟ್ರೆಬಲ್ ಕಮ್ಮಿ ಮಾಡ್ತಿರತ್ತೆ. ಎಲ್‌ಒಸಿ (ಲೋಕಲ್, ಅಂದ್ರೆ ಹತ್ತಿರದ ಸ್ಟೇಷನ್ ಮಾತ್ರ) ಅಂತ ಬಟನ್ ಇದ್ರೆ ಆಫ್ ಮಾಡಿ, ಅದು ಆನ್ ಇದ್ರೆ ದೂರದ ಸ್ಟೇಷನ್ ಸರ್ಚಲ್ಲಿ ಬರಲ್ಲ. ಆಮೇಲೂ ಕೊರಕೊರ ಅಂದ್ರೆ ಸೆಟ್ ಹಿಂದೆ ಆಂಟೆನಾ ಪಿನ್ ಪೂರ್ತಿ ಕೂತಿದ್ಯಾ ನೋಡಿ, ಆಂಟೆನಾಗೆ ಬೂಸ್ಟರ್ ಇದ್ರೆ ಅದಕ್ಕೆ ಸೆಟ್ಟಿನ ನೀಲಿ ವೈರ್ ಕೊಟ್ಟಿದಾರಾ ಕೇಳಿ.

ಪ್ರಶ್ನೆ: ಪಿಕಪ್‌ಗೆ ಹಾಕೋ ಇಂಥಾ ಸೆಟ್‌ನ ನಮ್ಮಣ್ಣನ ದೊಡ್ಡ ಲಾರಿಗೂ ಹಾಕ್ಬಹುದಾ?

ಉತ್ತರ: ಬ್ಯಾಟ್ರಿ ಎಷ್ಟಿದೆ ನೋಡಿ. ಎರಡು ಬ್ಯಾಟ್ರಿ ಸೀರೀಸಲ್ಲಿ ಇದ್ರೆ ಅದು 24 ವೋಲ್ಟ್, ನೇರ ಕೊಟ್ರೆ ಸೆಟ್ ಸುಟ್ಟೋಗತ್ತೆ. 24ರಿಂದ 12ಕ್ಕೆ ಇಳಿಸೋ ಕನ್ವರ್ಟರ್ ಹಾಕ್ಬೇಕು, 15 ಆಂಪಿಯರ್ ತಡೆಯೋದು ತಗೊಳಿ. ಎರಡ್ರಲ್ಲಿ ಒಂದೇ ಬ್ಯಾಟ್ರಿಯಿಂದ 12 ವೋಲ್ಟ್ ತೆಗೆದು ಕೊಡ್ತೀನಿ ಅಂದ್ರೆ ಒಪ್ಬೇಡಿ, ಆ ಒಂದು ಬ್ಯಾಟ್ರಿ ಇಳೀತಾ ಹೋಗತ್ತೆ, ಇನ್ನೊಂದು ಓವರ್‌ಚಾರ್ಜ್ ಆಗತ್ತೆ, ಕೊನೆಗೆ ಎರಡನ್ನೂ ಬದಲಾಯಿಸ್ಬೇಕು.