ಕೌಶಲ ಕಲಿಸಲು ಪೀರಿಯಡ್ ಎಲ್ಲಿದೆ?

ಪ್ರಶ್ನೆ: ರಾಷ್ಟ್ರೀಯ ಪಠ್ಯಕ್ರಮವನ್ನು ಬದಲಿಸಿ ಮಕ್ಕಳಿಗೆ ಬದುಕಿನ ಕೌಶಲಗಳನ್ನು ಕಲಿಸುತ್ತಾರಂತೆ. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಳೆ. ಕೆಲಸ ಕಲಿಸುವ ಹೆಸರಿನಲ್ಲಿ ರೈತರ ಮಕ್ಕಳನ್ನು ಮತ್ತೆ ಕಬ್ಬಿನ ಗದ್ದೆಗೇ ಕಳುಹಿಸುವ ಏರ್ಪಾಡು ಇದಲ್ಲವೆ?
– ಓದುಗರೊಬ್ಬರು, ಮಂಡ್ಯ ತಾಲ್ಲೂಕು

ಉತ್ತರ: ನಿಮ್ಮ ಅನುಮಾನ ನಿರಾಧಾರವಲ್ಲ. ಆದರೆ 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೆಲಸವನ್ನು ಮೂರು ಬಗೆಯಾಗಿ ವಿಂಗಡಿಸಿ, ಬೇಸಾಯ, ಪಶುಪಾಲನೆಯಂಥ ಜೀವಿಗಳೊಡನೆಯ ಕೆಲಸ, ಯಂತ್ರ ಮತ್ತು ವಸ್ತುಗಳೊಡನೆಯ ಕೆಲಸ, ಜನರ ಸೇವೆಯ ಕೆಲಸ, ಈ ಮೂರನ್ನೂ ಪ್ರತಿ ಮಗುವೂ ಕಲಿಯಬೇಕೆನ್ನುತ್ತದೆ. ಅಂದರೆ ನಿಮ್ಮ ಮಗಳು ವೈರಿಂಗ್ ಕಲಿಯಬೇಕು, ಮೈಸೂರಿನ ವಕೀಲರ ಮಗ ಮಣ್ಣು ಮುಟ್ಟಬೇಕು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಇದೆ.

ನನ್ನ ಅಳುಕು ಬೇರೆಯದು. 1963ರಲ್ಲಿ ಮೈಸೂರಿನಲ್ಲಿ ಆರಂಭವಾದ ಪ್ರಾದೇಶಿಕ ಶಿಕ್ಷಣ ಕಾಲೇಜಿನ ಉದ್ದೇಶವೇ ತಾಂತ್ರಿಕ ವಿಷಯ, ಕೃಷಿ, ವಾಣಿಜ್ಯಗಳನ್ನು ಕಲಿಸುವ ಬಹೂದ್ದೇಶ ಶಾಲೆಗಳಿಗೆ ಶಿಕ್ಷಕರನ್ನು ತಯಾರು ಮಾಡುವುದಾಗಿತ್ತು. ಸಂಸ್ಥೆ ಉಳಿಯಿತು, ಅಂಥ ಶಾಲೆಗಳು ಬೇರೂರಲಿಲ್ಲ. ಆಮೇಲೆ ಶಿಕ್ಷಣ ಸುಧಾರಣೆಗೆಂದು ನೇಮಕವಾದ ಕೊಠಾರಿ ಆಯೋಗದ ಕಾರ್ಯಾನುಭವ, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ಪಾಠ ಬಂತು, 1977ರ ಈಶ್ವರಭಾಯಿ ಪಟೇಲ್ ಸಮಿತಿಯ ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜೋಪಯೋಗಿ ಉತ್ಪಾದಕ ಕೆಲಸ ಬಂತು. ಆ ಪೀರಿಯಡ್ಡನ್ನು ಗಣಿತದ ಮೇಷ್ಟರು ಎಷ್ಟು ಸಲ ಕೇಳಿ ಪಡೆದರೆಂಬುದು ಆ ಕಾಲದಲ್ಲಿ ಓದಿದವರಿಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ಲೆಕ್ಕಕ್ಕಿಲ್ಲದ ವಿಷಯಕ್ಕೆ ನಮ್ಮ ವೇಳಾಪಟ್ಟಿಯಲ್ಲಿ ದಿಕ್ಕಿಲ್ಲ.

2020ರ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯ ನಡುವೆ ಹತ್ತು ದಿನ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯುವುದನ್ನು ಸೂಚಿಸಿದೆ. ಮಕ್ಕಳನ್ನು ಆಲೆಮನೆಗೆ ಕರೆದೊಯ್ದು ಬಿಸಿ ಬೆಲ್ಲ ತಿನ್ನಿಸಿ ಕರೆತಂದರೆ ಅದು ಪ್ರವಾಸವಷ್ಟೆ. ಒಂದು ಟನ್ ಕಬ್ಬಿಗೆ ಎಷ್ಟು ಬೆಲ್ಲ ಇಳಿಯಿತು, ಕುದಿಯುವ ಕಬ್ಬಿನ ಹಾಲಿಗೆ ಸುಣ್ಣ ಏಕೆ ಹಾಕುತ್ತಾರೆ, ಕೂಲಿ ಕಳೆದು ಮಾಲೀಕರಿಗೆ ಉಳಿದದ್ದೆಷ್ಟು ಎಂದು ಮಕ್ಕಳೇ ಕೇಳಿ, ಅಳೆದು, ಬರೆದು, ತರಗತಿಯೆದುರು ನಿಂತು ಹೇಳಿದರೆ ಅದರಲ್ಲಿ ರಸಾಯನಶಾಸ್ತ್ರವೂ ಇದೆ, ಲೆಕ್ಕವೂ ಇದೆ, ಅಪರಿಚಿತರೊಡನೆ ಮಾತನಾಡುವ ಧೈರ್ಯವೂ ಇದೆ.

ಶಿಕ್ಷಣ ಸಮವರ್ತಿ ಪಟ್ಟಿಯ, ಅಂದರೆ ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯವಾದ್ದರಿಂದ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಕೇಂದ್ರದ ಚೌಕಟ್ಟು ತಾನಾಗಿಯೇ ಅನ್ವಯಿಸುವುದಿಲ್ಲ. ಕರ್ನಾಟಕ 2023ರಲ್ಲಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ರಾಜ್ಯ ಶಿಕ್ಷಣ ನೀತಿ ಆಯೋಗವನ್ನು ನೇಮಿಸಿತು. ಮಗಳ ಶಾಲೆ ಯಾವುದೇ ಪಠ್ಯಕ್ರಮದ್ದಾಗಿರಲಿ, ಮುಂದಿನ ಪೋಷಕರ ಸಭೆಯಲ್ಲಿ ಈ ಕಲಿಕೆಗೆ ವಾರಕ್ಕೆ ಎಷ್ಟು ಪೀರಿಯಡ್ ಇಟ್ಟಿದ್ದೀರಿ, ಕಲಿಸುವವರು ಯಾರು, ಅಂಕಪಟ್ಟಿಯಲ್ಲಿ ಅದಕ್ಕೆ ಜಾಗವಿದೆಯೆ ಎಂದು ತಾವು ವಿಚಾರಿಸಬಹುದು.